ವಲ್ಲಿಯ ಕೆಳಗಿನ ಬೆರಳುಗಳು

ನಿನ್ನೆ ಕಪಾಟಿನ ಕೆಳಖಾನೆಯಲ್ಲಿ ಮಗಳು ಶಿವಾನಿಯ ಒಂದು ಕಾಲುಚೀಲ ಹುಡುಕುತ್ತಿದ್ದೆ. ಒಂದೇ. ನಮ್ಮ ಮನೆಯಲ್ಲಿ ಕಾಲುಚೀಲಗಳು ಎಂದೂ ಜೋಡಿಯಾಗಿ ಕಳೆಯುವುದಿಲ್ಲ. ಅದು ಸಿಗಲಿಲ್ಲ. ಹಳೆಯ ಸ್ವೆಟರುಗಳ ಕೆಳಗೆ ಮಡಚಿಟ್ಟಿದ್ದ ಬಿಳಿ ವಲ್ಲಿಯೊಂದು ಕೈಗೆ ಸಿಕ್ಕಿತು. ಎಳೆದೆ. ಎಳೆದದ್ದೇ ತಡ, ಸೀನು ಶುರುವಾಯಿತು. ಒಂದರ ಬೆನ್ನಿಗೆ ಒಂದು, ಕಣ್ಣಲ್ಲಿ ನೀರು ಬರುವ ತನಕ. ಹೊರಗೆ ಪೇಪರ್ ಓದುತ್ತಿದ್ದ ನಮ್ಮವರು, "ಕಾಕಾನ ವಲ್ಲಿ ತಗದ್ಯೇನು?" ಎಂದು ಅಲ್ಲಿಂದಲೇ ಕೇಳಿದರು. ನೋಡದೆಯೇ ಗೊತ್ತಾಗುವಷ್ಟು ಪ್ರಸಿದ್ಧವಾದ ವಲ್ಲಿ ಅದು.

ವಲ್ಲಿ ಎಂದರೆ ನಮ್ಮ ಕಡೆಯ ಹಿರಿಯರು ಹೆಗಲ ಮೇಲೆ ಹಾಕಿಕೊಳ್ಳುವ ವಸ್ತ್ರ. ಮುಖ ಒರೆಸಲಿಕ್ಕೆ ಅದೇ, ಕೂಡುವ ಮೊದಲು ಕಟ್ಟೆ ಝಾಡಿಸಲಿಕ್ಕೆ ಅದೇ, ಸಂತೆಯಿಂದ ಬರುವಾಗ ಚೀಲ ಮರೆತಿದ್ದರೆ ಬದನೆಕಾಯಿ ಕಟ್ಟಿಕೊಳ್ಳಲಿಕ್ಕೂ ಅದೇ. ಇದು ನನ್ನ ಕಾಕಾನದು, ಅಂದರೆ ನನ್ನ ಅಪ್ಪನ ತಮ್ಮನದು. ಹುಬ್ಬಳ್ಳಿ ಹತ್ತಿರದ ಅಮರಗೋಳದ ಮಾರುಕಟ್ಟೆಯಲ್ಲಿ ಕಾಕಾ ಬಹಳ ವರ್ಷ ದಲಾಲಿ ಅಂಗಡಿ ನಡೆಸಿದರು. ಜೋಳ, ಶೇಂಗಾ, ಎಲ್ಲಕ್ಕಿಂತ ಹೆಚ್ಚಾಗಿ ಒಣಮೆಣಸಿನಕಾಯಿ. ಆ ಮೆಣಸಿನಕಾಯಿಯ ಧೂಳು ವಲ್ಲಿಯ ಎಳೆ ಎಳೆಯಲ್ಲಿ ಕೂತುಬಿಟ್ಟಿದೆ. ಎಷ್ಟು ಒಗೆದರೂ ಹೋಗುವುದಿಲ್ಲ. ಕಾಕಾ ಅಂಗಡಿ ಬಿಟ್ಟು ಮೂರು ವರ್ಷವಾಗಿರಬೇಕು, ಅಥವಾ ನಾಲ್ಕು. ಇಂಥ ಲೆಕ್ಕಗಳಲ್ಲಿ ನನ್ನನ್ನು ಪೂರ್ತಿ ನಂಬಬೇಡಿ. ನಾನೇ ನನ್ನನ್ನು ನಂಬುವುದಿಲ್ಲ. ದಿನಾ ರಾತ್ರಿ ನಾಲ್ಕು ಸಾಲು ದಿನಚರಿ ಬರೆಯುವುದು ಅದಕ್ಕೇ. ನಾನು ಓದಿದ್ದು ಇತಿಹಾಸ. ಒಬ್ಬನೇ ಸಾಕ್ಷಿ ಇರುವ ಘಟನೆಯನ್ನು ಘಟನೆ ಎನ್ನಬೇಡಿ, ಕಥೆ ಎನ್ನಿ ಎಂದು ವಿಶ್ವವಿದ್ಯಾಲಯದಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಇಬ್ಬರೇ ಸಾಕ್ಷಿಗಳಿದ್ದು, ಇಬ್ಬರೂ ಬೇರೆ ಬೇರೆ ಹೇಳಿದರೆ ಅದನ್ನು ಏನೆನ್ನಬೇಕು ಎಂದು ಅವರನ್ನು ಕೇಳಬೇಕಿತ್ತು. ಆಗ ಹೊಳೆಯಲಿಲ್ಲ.

ಯಾಕೆಂದರೆ ಈ ವಲ್ಲಿಯ ಕೆಳಗೆ ಅಂಥದೊಂದು ಘಟನೆ ನಡೆದಿದೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹಿಂದೆ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದುಕೊಂಡು ಮೇಲೆ ವಲ್ಲಿ ಹೊದಿಸಿಬಿಡುವರು. ಒಳಗೆ ಬೆರಳುಗಳು ಮಾತಾಡಬೇಕು. ಇಷ್ಟು ಬೆರಳು ಹಿಡಿದರೆ ಇಷ್ಟು, ಗೆಣ್ಣು ಅದುಮಿದರೆ ಇನ್ನೊಂದಿಷ್ಟು. ಸುತ್ತ ಹತ್ತು ಮಂದಿ ನಿಂತಿದ್ದರೂ ಯಾರಿಗೂ ಏನೂ ತಿಳಿಯದು. ಇಬ್ಬರ ಮುಖಗಳೋ, ಗೋಡೆ ಇದ್ದ ಹಾಗೆ. ಕಾಕಾ ಇದನ್ನು ಹುಡುಗನಾಗಿದ್ದಾಗ ನನ್ನ ಅಜ್ಜನಿಂದ ಕಲಿತರಂತೆ. ಆಮೇಲೆ ಮಾರುಕಟ್ಟೆಗೆ ಟೆಂಡರ್ ಬಂತು, ಚೀಟಿ ಬಂತು, ಕಂಪ್ಯೂಟರ್ ಬಂತು, ವಲ್ಲಿ ಬರೀ ಬೆವರು ಒರೆಸಲಿಕ್ಕೆ ಉಳಿಯಿತು. ಆದರೆ ಕಾಕಾ ಆ ವಿದ್ಯೆಯನ್ನು ಪೇಟೆಯಲ್ಲೇ ಬಿಟ್ಟಿರಲಿಲ್ಲ. ಅದಕ್ಕೂ ಬಹಳ ಮೊದಲೇ ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಮನೆಯೊಳಗೆ ತಂದಿದ್ದರು.

ತುಂಬಿದ ಮನೆ ಅದು. ಹಿರಿಯರೆದುರು ಹುಡುಗಿಯರಂತೂ ಬಾಯಿ ಬಿಡುವ ಹಾಗಿರಲಿಲ್ಲ. ಬಿಡಬಾರದೆಂದು ಯಾರೂ ಹೇಳಿರಲಿಲ್ಲ, ಬಿಡುತ್ತಿರಲಿಲ್ಲ ಅಷ್ಟೆ. ಯಾರಾದರೂ ಏನನ್ನೋ ಹೇಳಲಾಗದೆ ಕೂತಿದ್ದಾರೆ ಎಂದು ಅನಿಸಿದರೆ ಕಾಕಾ ಹತ್ತಿರ ಬಂದು ಕೂತು, ವಲ್ಲಿ ಹಾಸಿ, ಕೆಳಗೆ ತಮ್ಮ ಬಲಗೈ ಇಡುತ್ತಿದ್ದರು. "ಒಂದು ಹಿಡದ್ರ ಹೂಂ, ಎರಡು ಹಿಡದ್ರ ಊಹೂಂ, ಪೂರಾ ಕೈ ಹಿಡದ್ರ ನನ್ನ ಸುಮ್ನ ಬಿಡ್ರಿ ಅಂತ." ಅಷ್ಟೇ ಕಾಯಿದೆ. ನಮ್ಮ ಸಣ್ಣ ಅತ್ತೆಯನ್ನು ನೋಡಲು ಒಬ್ಬ ವರ ಬಂದು ಚಹಾ ಕುಡಿಯುತ್ತಿದ್ದಾಗ ಕಾಕಾ ಒಳಗೆ ಬಂದು ಹೀಗೇ ಕೇಳಿದರಂತೆ. ಮತ್ತೆ ಹೊರಗೆ ಹೋಗಿ, "ಈ ವರ್ಷ ಲಗ್ನ ಮಾಡೂದು ಬ್ಯಾಡ ಅಂತ ಮಾಡೇವ್ರಿ, ತಪ್ಪ ತಿಳೀಬ್ಯಾಡ್ರಿ," ಎಂದು ಕೈ ಮುಗಿದರಂತೆ. ಆ ವರ್ಷವೇ ನಾಲ್ಕು ತಿಂಗಳ ನಂತರ ಬೇರೆಡೆ ಲಗ್ನವಾಯಿತು, ಆ ಮಾತು ಬೇರೆ. ಅತ್ತೆ ಎಷ್ಟು ಬೆರಳು ಹಿಡಿದಳೆಂದು ಕಾಕಾ ಅಜ್ಜನಿಗೂ ಹೇಳಲಿಲ್ಲ. ವಲ್ಲಿಯ ಕೆಳಗಿನದನ್ನು ಹೊರಗೆ ಬಿಡಬಾರದು. ಅದೂ ಕಾಯಿದೆ.

ನಾನು ಎಂಟನೇ ಈಯತ್ತೆಗೆ ಹೋಗುವ ವರ್ಷ ನನ್ನ ಮುಂದೂ ಆ ವಲ್ಲಿ ಹಾಸಿಕೊಂಡಿತು.

ಹೈಸ್ಕೂಲಿನ ಮೊದಲ ವರ್ಷ ಆರಿಸಿಕೊಳ್ಳಬೇಕಾದದ್ದು ಬಹಳವೇನಿರಲಿಲ್ಲ. ಮೊದಲನೇ ಭಾಷೆ ಕನ್ನಡವೋ ಸಂಸ್ಕೃತವೋ, ಅದೊಂದೇ ದೊಡ್ಡ ಪ್ರಶ್ನೆ. ಅಪ್ಪನಿಗೆ ಸಂಸ್ಕೃತ ಕೊಡಿಸುವ ಆಸೆ. ಕಾರಣ ಇವತ್ತು ಎಲ್ಲರೂ ಹೇಳುವುದೇ: ಕನ್ನಡದಲ್ಲಿ ಎಷ್ಟು ಬರೆದರೂ ಮಾರ್ಕ್ಸ್ ಕಡಿಯುತ್ತಾರೆ, ಸಂಸ್ಕೃತದಲ್ಲಿ ಔಟ್ ಆಫ್ ಔಟ್. ನನಗೋ ಕನ್ನಡ ಬೇಕಾಗಿತ್ತು. ಬೇಕಾಗಿತ್ತು ಎಂದೇ ನನ್ನ ನೆನಪು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಕಾಕಾ ನನ್ನ ಪಕ್ಕ ಕೂತು ವಲ್ಲಿ ಹಾಸಿ, "ಒಂದು ಕನ್ನಡ, ಎರಡು ಸಂಸ್ಕೃತ," ಎಂದರು. ನಾನು ಒಳಗೆ ಕೈ ಹಾಕಿ ಒಂದು ಬೆರಳು ಹಿಡಿದೆ. ತೋರುಬೆರಳು. ಮೆಣಸಿನಕಾಯಿ ಮುರಿದು ಮುರಿದು ತುದಿ ಒರಟಾಗಿತ್ತು. ಕಾಕಾ ಅಪ್ಪನ ಕಡೆ ನೋಡಿದರು, ತಲೆ ಆಡಿಸಿದರು, "ಸಂಸ್ಕೃತ ಅಂತಾಳ ನೋಡಪಾ," ಎಂದರು.

ಇದು ನನ್ನ ಸಾಕ್ಷ್ಯ. ಕಾಕಾನ ಸಾಕ್ಷ್ಯ ಬೇರೆ. "ಎರಡ ಬೆರಳ ಹಿಡದಿ ನೀ. ಗಟ್ಟ್ಯಾಗಿ ಹಿಡದಿ. ನಾ ಪ್ಯಾಟ್ಯಾಗ ಜೀವಮಾನ ಕಳದಾವ, ಬೆರಳಿನ ಮಾತು ನನಗ ತಪ್ಪತೈತೇನವಾ?" ಅಪ್ಪ ಈಗಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಪಡಸಾಲೆ ತುಂಬ ಜನ ಇದ್ದರು, ನೋಡಿದ್ದು ಬರೀ ಬಟ್ಟೆಯನ್ನು.

ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ ನಾವಿಬ್ಬರೂ ಜಗಳಾಡಿದ್ದೇವೆ. ಮನಸ್ತಾಪದ ಜಗಳವಲ್ಲ, ಹಬ್ಬಕ್ಕೆ ಹೋಳಿಗೆ ಮಾಡಿದ ಹಾಗೆ ವರ್ಷಕ್ಕೆ ಎರಡು ಸಲ ಮಾಡುವ ಜಗಳ. ಊಟಕ್ಕೆ ಕೂತಾಗ ನಾನು ತೆಗೆಯುತ್ತಿದ್ದೆ, ಕಾಕಾ ಮುಗಿಸುತ್ತಿದ್ದರು. ಆದರೆ ಬೇರೆಯವರ ಮುಂದೆ ಹೇಳುವಾಗ ನನ್ನ ಕಥೆ ವರ್ಷ ವರ್ಷ ಬೆಳೆಯಿತು. ಕನ್ನಡದ ಪಿರಿಯಡ್ಡಿಗೆ ಅರ್ಧ ಕ್ಲಾಸು ಅಲ್ಲೇ ಕೂಡುತ್ತಿತ್ತು, ಸಂಸ್ಕೃತದವರು ಪುಸ್ತಕದ ದಪ್ತರ ಹೊತ್ತುಕೊಂಡು ಪ್ರಯೋಗಶಾಲೆಯ ಪಕ್ಕದ ಸಣ್ಣ ಕೋಣೆಗೆ ಹೋಗಬೇಕಿತ್ತು. ಗೋಡೆಯ ಆಚೆ ಕನ್ನಡದವರು ಗೊಳ್ಳೆಂದು ನಗುವುದು ಕೇಳುತ್ತಿತ್ತು, ಈಚೆ ನಾವು ವಿಭಕ್ತಿ ಉರು ಹೊಡೆಯುತ್ತಿದ್ದೆವು. ಇದನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಅಂದು ಕಾಕಾ ಒಂದು ಎಂದಿದ್ದರೆ ನಾನು ಕನ್ನಡ ಎಂ.ಎ. ಮಾಡುತ್ತಿದ್ದೆ, ಪುಸ್ತಕ ಬರೆಯುತ್ತಿದ್ದೆ, ಏನೇನೋ ಆಗುತ್ತಿದ್ದೆ. ನಾನು ಬರೆಯದ ಪುಸ್ತಕಗಳಿಗೆಲ್ಲ ಕಾಕಾ ಹೊಣೆ. ಬರೆಯಲು ಕೂತಾಗ ನಿದ್ದೆ ಬರುತ್ತಿದ್ದುದಕ್ಕೆ ಯಾರು ಹೊಣೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲವು ವರ್ಷದ ಹಿಂದೆ ಆ ಸಣ್ಣ ಕೋಣೆಯ ಗೆಳತಿಯೊಬ್ಬಳು ಸಿಕ್ಕಾಗ, "ನಮ್ಮ ಸರ್ ಎಷ್ಟು ನಗಸ್ತಿದ್ರಲೇ, ಹೊಟ್ಟಿ ಹುಣ್ಣಾಗೂ ಹಂಗ!" ಎಂದಳು. ನಾನು ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಕಥೆಯಲ್ಲಿ ಸೇರಿಸಲಿಲ್ಲ.

ಈ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ನನ್ನ ಮಗಳು ಶಿವಾನಿ. ಅದರ ಬೆಲೆ ನನಗೆ ತಿಳಿದದ್ದು ಹೋದ ಜೂನಿನಲ್ಲಿ, ಅವಳು ಎಂಟನೇ ಈಯತ್ತೆಗೆ ಬಂದಾಗ.

ಶಾಲೆಯವರು ಒಂದು ವಾರ ಕೊಟ್ಟಿದ್ದರು. ಸೋಮವಾರ ಕ್ಲಾಸ್ ಟೀಚರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುವರು, ಅಷ್ಟರೊಳಗೆ ಆರಿಸಬೇಕು. ಚಿತ್ರಕಲೆಯೋ ಸಂಗೀತವೋ ಎಂಬುದಕ್ಕೆ ಅವಳು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. "ಚಿತ್ರಕಲಿ. ಹಾಡಂದ್ರ ಎಲ್ಲಾರ ಮುಂದ ಹಾಡಬೇಕಾಗ್ತೈತಿ." ಮೊದಲನೇ ಭಾಷೆಯ ಮಾತು ಬಂದಾಗ ಮಾತ್ರ ನೆಲ ನೋಡಿದಳು.

"ನಿನಗೇನ ಬೇಕೋ ಅದನ್ನ ತೊಗೊ," ಎಂದೆ.

"ನೀ ಏನಂತಿ?"

"ನಾ ಏನೂ ಅನ್ನೂದಿಲ್ಲ. ಪೂರ್ತಿ ನಿನ್ನ ಇಚ್ಛಾ."

ಹೀಗೆಂದು, ಏನೂ ಅನ್ನದ ನಾನು ಕನ್ನಡ ಎಷ್ಟು ಚಂದದ ಭಾಷೆ ಎಂದು ಸಂಜೆ ಗಿರ್ಮಿಟ್ ತಿನ್ನಲು ಹೋಗುವ ದಾರಿಯುದ್ದಕ್ಕೂ ಹೇಳಿದೆ. ಗಿರ್ಮಿಟ್ ಬಂತು, ಚುರಮುರಿ ಮೆತ್ತಗಾಯಿತು, ನನ್ನ ಮಾತು ಮುಗಿಯಲಿಲ್ಲ. ಅವಳು ಮೆಣಸಿನಕಾಯಿ ಭಜಿಯ ತೊಟ್ಟು ಹಿಡಿದುಕೊಂಡು ಹೂಂ ಹೂಂ ಎನ್ನುತ್ತಿದ್ದಳು. ಕೊನೆಗೆ "ಹಂಗಾರ?" ಎಂದು ಕೇಳಿದೆ. "ನೋಡೂಣು," ಎಂದಳು.

ಮಹಡಿಯ ಮೇಲಿನ ಮನೆಯ ವೈನಿ, ನಮ್ಮ ಮಾತಿನಲ್ಲಿ ಅತ್ತಿಗೆ, ಮೆಟ್ಟಿಲ ಮೇಲೆ ನಿಂತೇ ತೀರ್ಪು ಕೊಟ್ಟರು: "ವಿಚಾರ ಏನ್ ಮಾಡ್ತೀರಿ? ಸಂಸ್ಕೃತ ಕೊಡಸ್ರಿ. ಔಟ್ ಆಫ್ ಔಟ್. ನಮ್ಮ ಹುಡುಗ ಒಂದು ಶ್ಲೋಕಾನೂ ತಿಳೀದೇ ಪೂರಾ ಮಾರ್ಕ್ಸ್ ತೊಗೊಂಡ." ನಮ್ಮವರನ್ನು ಕೇಳಿದರೆ, "ಯಾವದರೆ ತೊಗೊಳ್ಳಲಿ, ಆದ್ರ ಲಗೂ ತೊಗೊಳ್ಳಲಿ. ನಿಮ್ಮಿಬ್ಬರ ನಡುವ ನನಗ ಚಹಾ ಸಿಗವಲ್ದು," ಎಂದರು.

ನನ್ನ ಚಡಪಡಿಕೆ ಇಷ್ಟೇ ಆಗಿತ್ತು. ಮಗಳು ಸೋಮವಾರ ಎದ್ದು ನಿಂತು ಯಾವುದನ್ನೇ ಹೇಳಲಿ, ಅದು ಅವಳದೇ ಆಗಿರಬೇಕು. ಇನ್ನು ಮೂವತ್ತು ವರ್ಷಕ್ಕೆ ಅವಳು ಯಾರದೋ ಮನೆಯಲ್ಲಿ ಊಟಕ್ಕೆ ಕೂತು, 'ನಮ್ಮವ್ವ ಹಿಂಗ ಮಾಡಿದ್ಲು' ಎಂದು ಕಥೆ ತೆಗೆಯಬಾರದು. ಆದರೆ ಅವಳು ಬಾಯಿ ಬಿಡುತ್ತಿಲ್ಲ. ಕೇಳಿದಷ್ಟೂ ಚಿಪ್ಪಿನೊಳಗೆ ಹೋಗುತ್ತಿದ್ದಳು. ಶನಿವಾರ ರೊಟ್ಟಿ ಬಡಿಯುತ್ತಾ ಕೇಳಿದೆ. ಪಕ್ಕದಲ್ಲೇ ನಿಂತು ಬೆಣ್ಣೆ ಹಚ್ಚುತ್ತಿದ್ದವಳು ನನ್ನ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ರೊಟ್ಟಿಯ ಕಡೆ ತಿರುಗಿದಳು. ಹೀಗೆ ತೆರೆದು ಮುಚ್ಚಿದ ಬಾಯಿ ನನ್ನದೂ ಒಂದಿತ್ತಲ್ಲ ಎನಿಸಿತು. ಕಾಕಾನಿಗೆ ಫೋನ್ ಮಾಡಿದೆ.

ಭಾನುವಾರ ಕಾಕಾ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡದ ನಮ್ಮ ಮನೆಗೆ ಬಂದರು. ಬಸ್ಸಿನಲ್ಲಿ ಅವರು ಯಾವಾಗಲೂ ಒಂದೇ ಕಡೆ ಕೂಡುತ್ತಾರೆ, ಅಮರಗೋಳ ಬಂದಾಗ ಮಾರುಕಟ್ಟೆಯ ಕಡೆ ಕಣ್ಣು ಹೋಗಬೇಕು. "ಲಾರಿ ಕಡಿಮಿ ನಿಂತಾವವಾ ಈ ಸಲ," ಎನ್ನುತ್ತಲೇ ಒಳಗೆ ಬಂದರು. ನೇರ ಅಡುಗೆಮನೆಗೆ ಹೋಗಿ ನನ್ನ ಡಬ್ಬಿಯಿಂದ ನಾಲ್ಕು ಕಾಳು ಜೋಳ ಬಾಯಿಗೆ ಹಾಕಿಕೊಂಡು ಕಟುಮ್ ಎಂದು ಕಡಿದರು. "ಹೋದ ವರ್ಷದ ಮಾಲು. ಯಾವಾಂವ ಕೊಟ್ಟ ನಿನಗ?" ಚಹಾ ಕೊಟ್ಟೆ. ಎಡಗೈಯಿಂದ ಬಟ್ಟಲು ಮುಟ್ಟಿ ನೋಡಿ, ಎಡಗೈಯಿಂದಲೇ ಎತ್ತಿ ಕುಡಿದರು. ಎರಡು ವರ್ಷದ ಹಿಂದೆ ಅವರ ಬಲಗೈಗೆ ಸಣ್ಣಗೆ ಲಕ್ವಾ ಹೊಡೆದಿತ್ತು. ಈಗ ಕೈ ಚೆನ್ನಾಗಿಯೇ ಆಡುತ್ತಿತ್ತು, ರೊಟ್ಟಿಯನ್ನೂ ಮುರಿಯುತ್ತಿದ್ದರು. ಎಡಗೈ ರೂಢಿಯಾಗಿಬಿಟ್ಟಿದೆ ಎಂದುಕೊಂಡೆ.

"ಏನವಾ ಶಿವಿ, ಬಾಯಿಗೆ ಕೀಲಿ ಹಾಕ್ಯಾರೇನು? ಚಾವಿ ಎಲ್ಲೈತಿ?"

"ಏನಿಲ್ಲ ಅಜ್ಜಾ."

"ಏನಿಲ್ಲ ಅಂದ್ರ ಏನೋ ಐತಿ. ಬಾ ಇಲ್ಲಿ ಕೂಡು."

ಹೆಗಲಿಂದ ವಲ್ಲಿ ತೆಗೆದು ಅವಳ ತೊಡೆಯ ಮೇಲೂ ತಮ್ಮ ತೊಡೆಯ ಮೇಲೂ ಬರುವ ಹಾಗೆ ಹಾಸಿದರು. ಮೆಣಸಿನಕಾಯಿಯ ಘಾಟಿಗೆ ಶಿವಾನಿ ಒಂದು ಸೀನು ಸೀನಿದಳು. "ಶುಭ ಆತು," ಎಂದರು ಕಾಕಾ. ಬಲಗೈ ಒಳಗೆ ಹೋಯಿತು. "ಒಂದು ಕನ್ನಡ, ಎರಡು ಸಂಸ್ಕೃತ. ಪೂರಾ ಹಿಡದ್ರ, ನಿಮ್ಮವ್ವಗ ನನ್ನ ಬೆನ್ನ ಬಿಡು ಅಂತ ಹೇಳ್ರಿ ಅಂತ."

ಶಿವಾನಿ ನಕ್ಕಳು. ಆ ವಾರ ಅದಕ್ಕೆ ಮೊದಲು ಅವಳು ನಕ್ಕದ್ದು ನನಗೆ ನೆನಪಿಲ್ಲ. ಅವಳ ಕೈಯೂ ಬಟ್ಟೆಯ ಕೆಳಗೆ ಹೋಯಿತು. ನಾನು ಆ ಬಟ್ಟೆಯನ್ನೇ ನೋಡುತ್ತಾ ನಿಂತೆ, ಅಂದು ಪಡಸಾಲೆಯಲ್ಲಿ ಎಲ್ಲರೂ ನೋಡಿದ ಹಾಗೆ. ಬಟ್ಟೆ ಒಂದಿಷ್ಟು ಅಲುಗಾಡಿತು, ನಿಂತಿತು. ಕಾಕಾನ ಮುಖ ವ್ಯಾಪಾರಿಯ ಮುಖ, ಗೋಡೆ. ಆದರೆ ಕಣ್ಣುಗಳು ಮಾತ್ರ ಹುಡುಗಿಯ ಮುಖದಿಂದ ನನ್ನ ಮುಖಕ್ಕೆ, ನನ್ನಿಂದ ಮತ್ತೆ ಹುಡುಗಿಗೆ ಹೋಗಿ ಬಂದವು.

"ಆತು," ಎಂದರು ಕೊನೆಗೆ. "ವ್ಯಾಪಾರ ಕುದುರಿತು. ಈಗ ನೀನ ಬಾಯಿಲೇ ಹೇಳು."

"ನಾ ಯಾಕ? ನೀವ ಹೇಳಬೇಕು ಅಜ್ಜಾ. ಅದ ರೂಲ್."

"ರೂಲ್ ಬದಲ ಮಾಡೇನಿ. ಒಂದ ಸಲ ನಾ ಹೇಳಿದ್ದಕ್ಕ ನಿಮ್ಮವ್ವ ಇನ್ನೂತನ ನನ್ನ ಬೈಯಾಕತ್ತಾಳ. ಇನ್ನೊಬ್ಬಾಕಿ ಕಡಿಂದ ಬೈಸ್ಕೊಳ್ಳಾಕ ನನಗ ವಯಸ್ಸಿಲ್ಲ."

ನಮ್ಮವರು ಪೇಪರಿನ ಹಿಂದೆ ನಕ್ಕರು. ಶಿವಾನಿ ನಗಲಿಲ್ಲ. ನನ್ನ ಕಡೆ ನೋಡಿದಳು.

"ಅವ್ವಾ, ನೀ ಸಿಟ್ಟಾಗಬಾರದು."

"ನಾ ಯಾಕ ಸಿಟ್ಟಾಗಲಿ?"

"ಅಳಬಾರದು."

"ಅಳೂದಿಲ್ಲ, ಹೇಳು."

"ಸಂಸ್ಕೃತ."

ನನಗೆ ಮೊದಲು ಹೊಳೆದದ್ದು ಮಹಡಿಯ ವೈನಿ. "ಮಾರ್ಕ್ಸ್ ಸಲುವಾಗಿ?" ಎಂದು ಕೇಳಿಯೇಬಿಟ್ಟೆ, ದನಿಯಲ್ಲಿ ಸ್ವಲ್ಪ ಖಾರವೂ ಇತ್ತೆಂದು ಕಾಣುತ್ತದೆ.

"ಅಲ್ಲವಾ! ನೀ ರೊಟ್ಟಿ ಬಡಿಯೂ ಮುಂದ ಹೇಳತೀಯಲ್ಲ, ಅದು. ರಾಮಃ ರಾಮೌ ರಾಮಾಃ. ಅದು ಏನಂತ ನನಗ ತಿಳೀಬೇಕು. ಸಣ್ಣಾಕಿ ಇದ್ದಾಗಿಂದ ಕೇಳಾಕತ್ತೇನಿ. ಆದ್ರ ನಿನಗ ಸಂಸ್ಕೃತ ಅಂದ್ರ ಆಗೂದಿಲ್ಲ, ನಿನಗ ಅದರಾಗ ಅನ್ಯಾಯ ಆಗೈತಿ. ನಾನೂ ಅದನ್ನ ತೊಗೊಂಡ್ರ ನಿನಗ ಹೆಂಗ ಅನಸ್ತೈತಿ ಅಂತ…" ಅಲ್ಲಿಗೆ ನಿಂತಳು.

"ನಾ ಎಲ್ಲಿ ಹೇಳತೇನಿ?" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಪೇಪರ್ ಕೆಳಗಿಳಿಯಿತು. "ದಿನಾ ಹೇಳತಿ," ಎಂದರು ನಮ್ಮವರು. "ಬಡಿತಕ್ಕ ಒಂದು. ನನಗೂ ಬಾಯಿಪಾಠ ಆಗೈತಿ. ನೀ ಷಷ್ಠಿ ವಿಭಕ್ತಿಗೆ ಬಂದಿ ಅಂದ್ರ ರೊಟ್ಟಿ ಹಂಚಿಗೆ ಬೀಳ್ತೈತಿ ಅಂತ ನಾ ಕೈ ತೊಳಕೊಂಡು ಕೂಡ್ತೇನಿ."

ನಾನು ಏನು ಹೇಳಿದೆನೆಂದು ಆ ದಿನದ ದಿನಚರಿಯಲ್ಲಿ ಇಲ್ಲ. ಶಿವಾನಿಯನ್ನು ಹತ್ತಿರ ಎಳೆದುಕೊಂಡೆ, ಅವಳ ತಲೆಯಲ್ಲಿ ಎಣ್ಣೆಯ ವಾಸನೆ ಇತ್ತು, ಅಷ್ಟು ನೆನಪಿದೆ. ಅಳುವುದಿಲ್ಲ ಎಂದು ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳಲಾಗಲಿಲ್ಲ, ಆದರೆ ತಪ್ಪನ್ನು ವಲ್ಲಿಯ ಮೆಣಸಿನಕಾಯಿಯ ಮೇಲೆ ಹಾಕಿದೆ. ಇಷ್ಟು ದಿನ ನಾನು ಸುಮ್ಮನೆ ರುಚಿಗೆಂದು ಹೇಳಿಕೊಂಡು ಬಂದ ಕಥೆಯನ್ನು ಆ ಹುಡುಗಿ ನಿಜವೆಂದು ಹೊತ್ತುಕೊಂಡು ತಿರುಗುತ್ತಿದ್ದಳು. ತನಗೆ ಬೇಕಾದದ್ದನ್ನು ಕೇಳಿದರೆ ಅವ್ವನ ಹಳೆಯ ಗಾಯಕ್ಕೆ ಕೈ ತಾಗುತ್ತದೆ ಎಂದು ಒಂದು ವಾರ ಬಾಯಿ ಮುಚ್ಚಿಕೊಂಡಿದ್ದಳು. ಗಾಯವೇನು, ಸಣ್ಣ ಕಲೆಯೂ ಇರಲಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನನಗಾದರೂ ಎಲ್ಲಿ ಗೊತ್ತಿತ್ತು? ಬಾಯಿಗೆ ಅಷ್ಟು ಬೇಡವಾಗಿದ್ದರೆ ದಿನಾ ಒಲೆಯ ಮುಂದೆ ಅದನ್ನು ಯಾಕೆ ಹೇಳುತ್ತಿತ್ತು?

ಸಂಜೆ ಕಾಕಾನನ್ನು ಬಸ್ಸಿಗೆ ಹತ್ತಿಸಲು ನಾನೇ ಹೋದೆ. ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಹೆಗಲು ಖಾಲಿ ಇತ್ತು.

"ವಲ್ಲಿ ಬಿಟ್ಟ ಬಂದ್ರಿ ಕಾಕಾ. ತರ್ಲ್ಯಾ?"

"ಇರಲಿ ಬಿಡು. ಶಿವಿ ಇಟಗೊಳ್ಳಲಿ." ಸ್ವಲ್ಪ ಹೊತ್ತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿದರು. "ಇನ್ನ ಅದು ನನಗ ಉಪಯೋಗ ಇಲ್ಲವಾ. ಆಕಿ ಎಷ್ಟ ಬೆರಳ ಹಿಡದ್ಲೋ ನನಗ ಗೊತ್ತಾಗ್ಲಿಲ್ಲ."

ನಾನು ಅವರ ಮುಖ ನೋಡಿದೆ.

"ಲಕ್ವಾ ಆದಾಗಿಂದ ಈ ಬೆರಳಿಗೆ ಏನೂ ತಿಳಿಯೂದಿಲ್ಲ. ಬಿಸಿ ತಿಳಿಯೂದಿಲ್ಲ, ಥಂಡಿ ತಿಳಿಯೂದಿಲ್ಲ. ಹಿಡದ್ರ ಹಿಡದ್ರು ಅಂತ ಕಣ್ಣಿಲೇ ನೋಡಿ ತಿಳಕೋಬೇಕು. ಮನ್ಯಾಗ ಯಾರಿಗೂ ಹೇಳಿಲ್ಲ, ನೀನೂ ಹೇಳಬ್ಯಾಡ. ಸುಮ್ನ ದವಾಖಾನಿ ಅಂತಾರ."

"ಮತ್ತ 'ವ್ಯಾಪಾರ ಕುದುರಿತು' ಅಂದ್ರಿ?"

"ಏನರೆ ಅನಬೇಕಲ್ಲ? ಹುಡುಗಿ ಕೈ ಕೊಟ್ಟು ಕೂತಾಳ. ಒಂದು ಅಂದ್ರ ತಪ್ಪಾದೀತು, ಎರಡು ಅಂದ್ರೂ ತಪ್ಪಾದೀತು." ಕಾಕಾ ನಕ್ಕರು. "ಒಳ್ಳೇದ ಆತ ಬಿಡು. ನನ್ನ ಕೈಗೆ ತಿಳದಿತ್ತಂದ್ರ ನಾನ ಹೇಳಿಬಿಡ್ತಿದ್ದೆ. ಆಕಿ ಬಾಯಿ ತೆರೀತಿರಲಿಲ್ಲ."

ಬಸ್ಸು ಬಂತು. ಕಾಕಾ ತಮ್ಮ ಕಡೆಯ ಕಿಟಕಿ ಹುಡುಕಿಕೊಂಡು ಕೂತರು. ನಾನು ಹಳೆಯ ಜಗಳ ತೆಗೆಯಲಿಲ್ಲ. ಆ ಸಲ ಅದು ಆಗಲೇ ಇಲ್ಲ. ಕಾಕಾ ಕಿಟಕಿಯಿಂದ ಬಲಗೈ ಎತ್ತಿ ಬೀಸಿದರು, ಏನೂ ತಿಳಿಯದ ಆ ಬೆರಳುಗಳನ್ನು.

ಇದೆಲ್ಲ ಜೂನಿನ ಮಾತು. ಈಗ ದಸರೆಯ ಸೂಟಿ. ನಿನ್ನೆ ವಲ್ಲಿ ಹಿಡಿದು ಸೀನುತ್ತಾ ಕೂತಿದ್ದಾಗ ಶಿವಾನಿ ಬಂದಳು, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು. ಈಗ ಅವಳೂ ದಪ್ತರ ಹೊತ್ತು ಬೇರೆ ಕೋಣೆಗೆ ಹೋಗುತ್ತಾಳೆ. ಅಲ್ಲಿ ಫ್ಯಾನ್ ಇಲ್ಲ ಎಂಬುದೊಂದು ಬಿಟ್ಟರೆ ದೂರಿಲ್ಲ. ಮುಂದೆ ಅವಳ ನೆನಪು ಆ ಫ್ಯಾನಿನ ಸುತ್ತ ಏನೇನು ಕಟ್ಟುತ್ತದೋ, ಅದು ಅವಳಿಗೆ ಬಿಟ್ಟದ್ದು.

"ಅವ್ವಾ, ಖರೇ ಹೇಳು. ಆವಾಗ ನೀ ಎಷ್ಟ ಬೆರಳ ಹಿಡದಿದ್ದಿ?"

"ಒಂದು" ಎನ್ನಲು ಬಾಯಿ ತಯಾರಾಗಿತ್ತು. ಅಷ್ಟು ವರ್ಷದ ಅಭ್ಯಾಸ. ಆದರೆ ಅವಳು ಆಗಲೇ ವಲ್ಲಿ ಬಿಚ್ಚಿ ನಮ್ಮಿಬ್ಬರ ಮಂಡಿಯ ಮೇಲೆ ಹಾಸಿ ಕೆಳಗೆ ಕೈ ಇಟ್ಟಿದ್ದಳು. "ಬಾಯಿಲೇ ಬ್ಯಾಡ. ಆವಾಗ ಹಿಡದಂಗ ಹಿಡಿ. ವಿಚಾರ ಮಾಡಬಾರದು."

ನಾನು ವಿಚಾರ ಮಾಡಲಿಲ್ಲ. ಕೈ ಒಳಗೆ ಹೋಯಿತು, ಕತ್ತಲಲ್ಲಿ ಅವಳ ಬೆರಳುಗಳನ್ನು ಹುಡುಕಿತು, ಎರಡನ್ನು ಒಟ್ಟಿಗೆ ಗಟ್ಟಿಯಾಗಿ ಹಿಡಿದುಕೊಂಡಿತು.

ಶಿವಾನಿ ನನ್ನ ಮುಖ ನೋಡಿದಳು. ಅವಳ ಮುಖ ಗೋಡೆ. "ಆತು," ಎಂದಳು, ವಲ್ಲಿ ಮಡಚಿದಳು, ಇನ್ನೊಂದು ಕಾಲುಚೀಲ ಹುಡುಕುತ್ತಾ ಹೋಗಿಬಿಟ್ಟಳು.

ಇದು ಸಾಕ್ಷ್ಯವಲ್ಲ, ಗೊತ್ತು. ಇದು ಈ ವರ್ಷದ ಕೈ. ಮಗಳ ಕಡೆಯಿಂದ ಪಾಠ ಹೇಳಿಸಿಕೊಂಡ ಕೈ. ಅಂದಿನ ಪಡಸಾಲೆಯ ಆ ಹುಡುಗಿಯ ಕೈ ಏನು ಮಾಡಿತ್ತೆಂದು ಇದಕ್ಕೇನು ಗೊತ್ತು? ಆದರೂ ತಡೆಯಲಾಗದೆ ಕಾಕಾನಿಗೆ ಫೋನ್ ಹಚ್ಚಿದೆ.

"ಕಾಕಾ, ನಾ ಎರಡ ಹಿಡದಿದ್ದೆ ಅಂತ ಕಾಣಸ್ತೈತ್ರಿ."

ಫೋನ್ ಕಟ್ ಆಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಆಗ ಕಾಕಾ ಮೆಲ್ಲಗೆ ಹೇಳಿದರು: "ಹಂಗಂತಿ? ನಾ ಜೂನಿಂದ ಅದನ್ನ ವಿಚಾರ ಮಾಡಾಕತ್ತೇನಿ ನೋಡವಾ. ನನಗ್ಯಾಕೋ ಒಂದ ಇತ್ತೇನೋ ಅನಸಾಕತ್ತೈತಿ. ನಿಮ್ಮಪ್ಪ ನನ್ನ ಮಾರಿ ನೋಡಾಕತ್ತಿದ್ದ…"

"ಇಲ್ರಿ ಕಾಕಾ, ಎರಡ ಇತ್ತು."

"ಏ, ಒಂದ ಇತ್ತವಾ."

"ಎರಡ್ರಿ. ಗಟ್ಟ್ಯಾಗಿ ಹಿಡದಿದ್ದೆ."

ಹೀಗೆ ನಾವು ಮತ್ತೆ ಜಗಳ ಶುರು ಮಾಡಿದ್ದೇವೆ. ಇನ್ನೊಂದು ಮೂವತ್ತು ವರ್ಷಕ್ಕೆ ಸಾಕಾಗುವಷ್ಟಿದೆ, ಕಾಕಾ ಇರಬೇಕು ಅಷ್ಟೇ. ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಹಿಟ್ಟು ನಾದಿ, ಒಂದು ಉಂಡೆ ಮಾಡಿ ಬಡಿಯಲು ಕೂತೆ. ಎರಡನೇ ಬಡಿತಕ್ಕೋ ಮೂರನೆಯದಕ್ಕೋ ನನ್ನ ಬಾಯಿ ತಾನಾಗಿ ಶುರು ಮಾಡಿದ್ದು ನನಗೇ ಕೇಳಿಸಿತು. ನಿಲ್ಲಿಸಬೇಕೆಂದುಕೊಂಡೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಇನ್ನೊಂದು ದನಿ ಮುಂದಿನ ಸಾಲನ್ನು ಎತ್ತಿಕೊಂಡಿತು. ನಾನು ಬಡಿಯುತ್ತಾ ಹೋದೆ. ಹೊರಗೆ ನಮ್ಮವರು ಕೈ ತೊಳೆಯುವ ಸಪ್ಪಳ ಕೇಳಿಸಿತು.